ಸಂಚಿತ ಶ್ರೇಣಿ ಅಂಕಗಳ ಸರಾಸರಿ
ಸಂಚಿತ ಶ್ರೇಣಿ ಅಂಕಗಳ ಸರಾಸರಿ (ಸಿ.ಜಿ.ಪಿ.ಎ.) ಎಂದರೆ ವಿದ್ಯಾರ್ಥಿಯು ಎಲ್ಲ ಸೆಮಿಸ್ಟರ್‌ಗಳಲ್ಲಿ ಗಳಿಸಿದ ಶ್ರೇಣಿ ಅಂಕಗಳ, ಕ್ರೆಡಿಟ್‌ಗಳಿಗೆ ಅನುಗುಣವಾದ ಸರಾಸರಿ. 2010ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸೇರಿದಂತೆ ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳು ಕ್ರೆಡಿಟ್ ಪದ್ಧತಿಯನ್ನು ಅಳವಡಿಸಿಕೊಂಡಿವೆ.

ಪ್ರತಿ ಸೆಮಿಸ್ಟರ್‌ನ ಸರಾಸರಿಯನ್ನು ಅದರ ಕ್ರೆಡಿಟ್‌ಗಳಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿಸಿ, ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಬೇಕು. ಉದಾಹರಣೆಗೆ, 20 ಕ್ರೆಡಿಟ್‌ಗಳ ಸೆಮಿಸ್ಟರ್‌ನಲ್ಲಿ 8, 30 ಕ್ರೆಡಿಟ್‌ಗಳ ಸೆಮಿಸ್ಟರ್‌ನಲ್ಲಿ 6 ಬಂದರೆ ಸಂಚಿತ ಸರಾಸರಿ (160+180)÷50 = 6.8, 7 ಅಲ್ಲ.

ಹೆಚ್ಚು ಕ್ರೆಡಿಟ್‌ಗಳ ಪತ್ರಿಕೆಯು ಸರಾಸರಿಯ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ. ಕ್ರೆಡಿಟ್‌ಗಳು ಸೇರುತ್ತ ಹೋದಂತೆ, ಆರಂಭದಲ್ಲಿ ಕುಸಿದ ಸರಾಸರಿಯನ್ನು ಕೊನೆಯ ಸೆಮಿಸ್ಟರ್‌ನಲ್ಲಿ ಏರಿಸುವುದು ಕಠಿಣವಾಗುತ್ತದೆ. ಶೇಕಡಾವಾರು ಪರಿವರ್ತನೆಯ ಸೂತ್ರ ಎಲ್ಲೆಡೆ ಒಂದೇ ಅಲ್ಲ. ಉನ್ನತ ವ್ಯಾಸಂಗ ಅಥವಾ ಉದ್ಯೋಗದ ಅರ್ಜಿಗಳಲ್ಲಿ ಪದವಿ ನೀಡಿದ ವಿಶ್ವವಿದ್ಯಾಲಯದ ಸೂತ್ರವನ್ನು ಪರಿಶೀಲಿಸುವುದು ಅಗತ್ಯ.