ಸಂದರ್ಶನದ ಬಾಗಿಲು: ಅಜ್ಜಂದಿರು ಬಡಿದದ್ದು, ನಾವು ದಾಟಬೇಕಾದದ್ದು



ಈ ಸಲದ ಸ್ಮರಣ ಸಂಚಿಕೆಗೆ ನೌಕರಿಯ ಇಂಟರ್‌ವ್ಯೂ ಬಗ್ಗೆ ಏನಾದರೂ ಬರೀರಿ ಅಂತ ಹುಡುಗರು ಕೇಳಿದರು. ಇಂಥ ಅಂಗಿ ಹಾಕ್ಕೋರಿ, ಹಿಂಗ ಕೂಡ್ರಿ, ನಗುಮುಖ ಇಟ್ಕೋರಿ ಅಂತ ಹೇಳೋ ಪುಸ್ತಕ ಪೇಟೆಯೊಳಗ ಬೇಕಾದಷ್ಟು ಸಿಗತಾವ. ಅವು ಹೇಳದ ಮಾತು ಒಂದೈತಿ. ಆ ಮೇಜಿನ ಮುಂದಿನ ಕುರ್ಚಿಯ ತನಕ ನಮ್ಮ ಮಂದಿ ಬರೋದಕ್ಕ ಎಷ್ಟು ವರ್ಷ ಹಿಡೀತು, ಅದಕ್ಕಾಗಿ ಯಾರು ಏನು ಮಾಡಿದರು ಅನ್ನೂದು. ಈ ಚರಿತ್ರೆ ಗೊತ್ತಿದ್ದವರಿಗೆ ಕುರ್ಚಿ ಪರಕೀಯ ಅನಿಸೋದಿಲ್ಲ. ಹಂಗಾಗಿ ಮೊದಲು ಚರಿತ್ರೆ, ಆಮೇಲೆ ತಯಾರಿ.

ಹುಟ್ಟೇ ನೇಮಕ ಆಗಿದ್ದ ಕಾಲ

ನಮ್ಮ ಮುತ್ತಜ್ಜಂದಿರಿಗೆ ಯಾರೂ ಸಂದರ್ಶನ ಮಾಡಲಿಲ್ಲ. ಹುಟ್ಟಿದ ಮನೆಯೇ ನೇಮಕದ ಆದೇಶ ಆಗಿತ್ತು. ಮುಂಬೈ ಪ್ರಾಂತದಲ್ಲಿ ಮಹಾರ್ ವತನ್ ಅಂದರೆ ಊರಿನ ಸಾರುವ ಕೆಲಸ, ಸರ್ಕಾರಿ ಟಪಾಲು ಒಯ್ಯುವುದು, ಬಂದ ಅಧಿಕಾರಿಗಳ ಚಾಕರಿ, ಸತ್ತ ದನ ಎಳೆಯುವುದು. ಹಗಲು ರಾತ್ರಿ ಅನ್ನದೆ ಕರೆದಾಗ ಓಡಬೇಕು. ಬದಲಿಗೆ ಒಂದು ತುಂಡು ಹೊಲ, ಸುಗ್ಗಿಯಲ್ಲಿ ಬಲುತದ ಕಾಳು. ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಈ ವತನಿನ ವಿರುದ್ಧ ಮಸೂದೆ ತಂದರು. ಆದರೆ ಅದು ಕಾನೂನಿನಿಂದ ಪೂರ್ತಿ ಹೋಗಿದ್ದು 1958ರ ವತನ್ ರದ್ದತಿ ಕಾಯ್ದೆಯಿಂದ. ಕೊಲ್ಲಾಪುರದಲ್ಲಿ ಮಾತ್ರ ಶಾಹೂ ಮಹಾರಾಜರು 1918ರಲ್ಲೇ ಅದನ್ನು ತೆಗೆದು ಹಾಕಿದ್ದರು.

ಊರು ಬಿಟ್ಟು ಗಿರಣಿಗೆ ಹೋದವರ ಕಥೆ ಏನು? ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ 1877ರಲ್ಲಿ ಬಂತು. ಆ ಕಾಲದ ಗಿರಣಿಗಳಲ್ಲಿ ಕೆಲಸ ಕೊಡುವವನು ಜಾಬರ್, ಅಂದರೆ ಮುಕಾದಮ. ಅವನು ತನ್ನ ಊರವರನ್ನ, ತನ್ನ ಜಾತಿಯವರನ್ನ ಮೊದಲು ಒಳಗೆ ಬಿಡತಿದ್ದ. ಮುಂಬೈ ಗಿರಣಿಗಳ ನೇಯ್ಗೆ ಖಾತೆಯೊಳಗೆ ನಮ್ಮವರಿಗೆ ಜಾಗವೇ ಇರಲಿಲ್ಲ. ಲಾಳಿಯ ನೂಲನ್ನ ಬಾಯಿಂದ ಎಳೆಯಬೇಕಾಗತಿತ್ತು, ಅಸ್ಪೃಶ್ಯರು ಬಾಯಿ ಹಚ್ಚಿದ ಲಾಳಿ ಮುಟ್ಟೋದಿಲ್ಲ ಅಂತ ಉಳಿದ ಕೆಲಸಗಾರರ ತಕರಾರು. ಹೆಚ್ಚು ಕೂಲಿ ಇದ್ದದ್ದು ಆ ಖಾತೆಯೊಳಗೇ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನ ಕಾರ್ಮಿಕ ನಾಯಕರ ಮುಂದೆ ನೇರವಾಗಿ ಇಟ್ಟರು.

ಅರ್ಜಿ ಬರೆದ ಹಿರಿಯರು

ನಮ್ಮ ಮಂದಿಗೆ ತೆರೆದಿದ್ದ ಒಂದು ದೊಡ್ಡ ಬಾಗಿಲು ಅಂದರೆ ಪಲ್ಟನ್. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಳರು ಸುಬೇದಾರರಾಗಿದ್ದರು. 1890ರ ದಶಕದಲ್ಲಿ ಇಂಗ್ಲಿಷ್ ಸರ್ಕಾರ ಸೈನ್ಯಕ್ಕೆ ಮಹಾರರ ಭರತಿ ನಿಲ್ಲಿಸಿತು. ಶೌರ್ಯ ಇರೋದು ಕೆಲವು ಜಾತಿಗಳಿಗಷ್ಟೇ ಅನ್ನೋ ಸಿದ್ಧಾಂತ ಆಗ ಜೋರು. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ ಇದರ ವಿರುದ್ಧ ಅರ್ಜಿ ಬರೆದರು. ಅವರ ಬಳಿಕ ಪುಣೆಯ ಶಿವರಾಮ ಜಾನಬಾ ಕಾಂಬಳೆಯವರು 1910ರಲ್ಲಿ ಇಂಗ್ಲೆಂಡಿನ ಭಾರತ ಮಂತ್ರಿಯ ತನಕ ಮನವಿ ಕಳಿಸಿದರು. ಸೈನ್ಯ, ಪೊಲೀಸು, ಸರ್ಕಾರಿ ನೌಕರಿ ಇವುಗಳಲ್ಲಿ ನಮ್ಮನ್ನೂ ಪರೀಕ್ಷಿಸಿ ನೋಡಿ ಅನ್ನೂದೇ ಅವರ ಬೇಡಿಕೆ. ಅಂದರೆ ನಮ್ಮ ಅಜ್ಜಂದಿರು ಮೊದಲು ಕೇಳಿದ್ದು ಪರೀಕ್ಷೆಗೆ ಕೂಡುವ ಹಕ್ಕು. ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಹುಟ್ಟಿದ್ದು 1941ರ ಅಕ್ಟೋಬರಿನಲ್ಲಿ, ನಮ್ಮ ನೆರೆಯ ಬೆಳಗಾವಿಯಲ್ಲಿ. ಅರ್ಜಿಯಿಂದ ರೆಜಿಮೆಂಟಿನ ತನಕ ಅರ್ಧ ಶತಮಾನ ಹತ್ತಿರ ಬಂದಿತ್ತು.

ಬಾಬಾಸಾಹೇಬರು ಎದುರಿಸಿದ ಪ್ರಶ್ನೆಗಳು

ಭೀಮರಾಯರ ಮೊದಲ ದೊಡ್ಡ ಸಂದರ್ಶನ ಬಡೋದೆಯ ಸಯಾಜಿರಾವ್ ಗಾಯಕವಾಡರ ಮುಂದೆ. ಕೃಷ್ಣಾಜಿ ಕೇಳುಸ್ಕರ್ ಗುರುಗಳು ಅವರನ್ನ ಕರೆದುಕೊಂಡು ಹೋಗಿದ್ದರು. ಮಹಾರಾಜರು ಕೇಳಿದ ಪ್ರಶ್ನೆಗಳಿಗೆ ಹುಡುಗ ಸಮಾಧಾನದಿಂದ ಉತ್ತರ ಕೊಟ್ಟ, ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. 1913ರಲ್ಲಿ ಅದೇ ಸಂಸ್ಥಾನದ ನೆರವಿನಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು.

ಆದರೆ ನೌಕರಿ ಸಿಕ್ಕ ಮೇಲೆ ಏನಾಯಿತು ಅನ್ನೂದನ್ನೂ ಓದಬೇಕು. 1917ರಲ್ಲಿ ಬಡೋದೆಗೆ ಅಧಿಕಾರಿಯಾಗಿ ಹೋದಾಗ ಇರೋದಕ್ಕೆ ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಬಡಿಗೆ ಹಿಡಿದ ಮಂದಿ ಬಂದು ಹೊರಗೆ ಹಾಕಿದರು. ಕಚೇರಿಯ ಜವಾನರು ಫೈಲುಗಳನ್ನ ದೂರದಿಂದ ಎಸೆಯುತ್ತಿದ್ದರು. 1918ರ ನವೆಂಬರಿನಲ್ಲಿ ಮುಂಬೈ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಮೊದಮೊದಲು ಇವರಿಂದ ಕಲಿಯೋದೇನು ಅನ್ನುವಂತಿದ್ದರು ವಿದ್ಯಾರ್ಥಿಗಳು. ಬರಬರುತ್ತ ಬೇರೆ ಕಾಲೇಜಿನ ಹುಡುಗರೂ ಅನುಮತಿ ತಗೊಂಡು ಅವರ ಪಾಠ ಕೇಳಲು ಬಂದರು. ತಯಾರಿಯ ಬಲ ಅಂದರೆ ಇದು. ಜಾತಿ ಹೋಗಲಿಲ್ಲ, ಆದರೆ ತಿಳುವಳಿಕೆಯನ್ನ ಯಾರೂ ಅಲ್ಲಗಳೆಯೋದಕ್ಕಾಗಲಿಲ್ಲ.

ನಮ್ಮ ಜಿಲ್ಲೆಯವರು ಇನ್ನೊಂದು ಮಾತು ನೆನಪಿಡಬೇಕು. 1924ರ ಜುಲೈಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಶುರು ಆಯಿತು. ಆರು ತಿಂಗಳು ತುಂಬೋದರೊಳಗೆ, 1925ರ ಜನವರಿಯಲ್ಲಿ, ಆ ಸಭೆ ನಮ್ಮ ಹುಡುಗರಿಗಾಗಿ ವಸತಿಗೃಹ ತೆರೆದದ್ದು ಸೊಲ್ಲಾಪುರದಲ್ಲಿ. ನೌಕರಿಗೆ ಮೊದಲು ಓದು, ಓದಿಗೆ ಮೊದಲು ತಲೆಯ ಮೇಲೊಂದು ಸೂರು ಅನ್ನೋ ಲೆಕ್ಕ ಅವರಿಗೆ ಸ್ಪಷ್ಟ ಇತ್ತು.

'ಯೋಗ್ಯ ಅಭ್ಯರ್ಥಿ ಸಿಗಲಿಲ್ಲ'

1902ರ ಜುಲೈ 26ರಂದು ಶಾಹೂ ಮಹಾರಾಜರು ತಮ್ಮ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50ರಷ್ಟನ್ನ ಹಿಂದುಳಿದವರಿಗೆ ಮೀಸಲಿಟ್ಟರು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ಕೂತಿತು. ಬ್ರಿಟಿಷ್ ಭಾರತದ ಕೇಂದ್ರ ನೌಕರಿಗಳಲ್ಲಿ ಮಾತ್ರ ನಮ್ಮ ಜನಕ್ಕೆ ನಿಗದಿತ ಪಾಲು ಇರಲಿಲ್ಲ. 1934ರ ಸರ್ಕಾರಿ ನಿರ್ಣಯ ಬೇರೆ ಸಮುದಾಯಗಳಿಗೆ ಶೇಕಡಾವಾರು ಕೊಟ್ಟಿತು. ದಲಿತರಿಗೆ ನ್ಯಾಯವಾದ ಅವಕಾಶ ಕೊಡಬೇಕು ಅನ್ನೋ ಮಾತನ್ನಷ್ಟೇ ಕೊಟ್ಟಿತು. ಬಾಬಾಸಾಹೇಬರು 1942ರಲ್ಲಿ ವೈಸರಾಯರ ಮಂಡಳಿಯ ಸದಸ್ಯರಾದ ಮೇಲೆ ಮನವಿ ಸಲ್ಲಿಸಿ ಹಿಡಿದ ಪಟ್ಟು ಬಿಡಲಿಲ್ಲ. 1943ರಲ್ಲಿ ಶೇ. 8.33, 1946ರಲ್ಲಿ ಶೇ. 12.5, ಆಮೇಲೆ 1970ರಲ್ಲಿ ಶೇ. 15 ಆಯಿತು. ಸಂವಿಧಾನದ 16(4)ನೇ ವಿಧಿ ಇದಕ್ಕೆ ಬುನಾದಿ.

ಪಾಲು ಕಾಗದದ ಮೇಲೆ ಬಂತು, ಆದರೆ ಕುರ್ಚಿ ಖಾಲಿ ಉಳಿಯಿತು. ಯಾಕಂದ್ರ ಯೋಗ್ಯ ಅಭ್ಯರ್ಥಿ ಸಿಗಲಿಲ್ಲ ಅನ್ನೋ ಒಂದು ಸಾಲು ಬರೆದರೆ ಕೆಲಸ ಮುಗೀತಿತ್ತು. ಆ ಸಾಲು ಹುಟ್ಟೋದು ಬಹಳ ಸಲ ಸಂದರ್ಶನದ ಕೋಣೆಯೊಳಗ. ಬರಹದ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆಗೆ ಮುಖ ಇರೋದಿಲ್ಲ, ಸಂದರ್ಶನದಲ್ಲಿ ಮುಖ, ಅಡ್ಡಹೆಸರು, ಊರು, ಮಾತಿನ ಧಾಟಿ ಎಲ್ಲ ಮುಂದೆ ಕೂತಿರತಾವ. 1957ರ ತನಕ ಐ.ಎ.ಎಸ್. ಪರೀಕ್ಷೆಯಲ್ಲಿ ಸಂದರ್ಶನಕ್ಕೂ ಕನಿಷ್ಠ ಅಂಕ ಬೇಕಾಗಿತ್ತು. ಬರಹದಲ್ಲಿ ಎಷ್ಟೇ ಚಲೋ ಬರೆದಿದ್ದರೂ ಕೆಲವು ನಿಮಿಷಗಳ ಮಾತಿನಲ್ಲಿ ಹೊರಗೆ ಬೀಳತಿದ್ದರು. ಆ ನಿಯಮ ಆಮೇಲೆ ಹೋಯಿತು.

ಕೋರ್ಟುಗಳೂ ಇದನ್ನ ನೋಡಿದಾವ. 1964ರಲ್ಲಿ ಆಗಿನ ಮೈಸೂರು ರಾಜ್ಯದ ಚಿತ್ರಲೇಖಾ ಮೊಕದ್ದಮೆಯಲ್ಲಿ ಕಾಲೇಜು ಪ್ರವೇಶಕ್ಕೆ ಸಂದರ್ಶನದ ಅಂಕ ಇಡೋದನ್ನ ಸುಪ್ರೀಂ ಕೋರ್ಟು ಒಪ್ಪಿತ್ತು. 1981ರ ಅಜಯ್ ಹಾಸಿಯಾ ಮೊಕದ್ದಮೆಯ ಹೊತ್ತಿಗೆ ಧ್ವನಿ ಬದಲಾಯಿತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎರಡು ಮೂರು ನಿಮಿಷದ ಸಂದರ್ಶನಕ್ಕೆ ಒಟ್ಟು ಅಂಕದ ಮೂರನೇ ಒಂದು ಪಾಲು ಇಟ್ಟಿದ್ದರು. ಇದು ಮನಬಂದಂತೆ ಮಾಡಿದ್ದು, ಶೇ. 15ಕ್ಕಿಂತ ಹೆಚ್ಚು ಇಡಬಾರದು, ಸಂದರ್ಶನವನ್ನ ಧ್ವನಿಮುದ್ರಿಸಿದರೆ ಚಲೋ ಅಂತ ಕೋರ್ಟು ಹೇಳಿತು. 1985ರಲ್ಲಿ ಹರಿಯಾಣದ ಅಶೋಕ್ ಕುಮಾರ್ ಯಾದವ್ ಮೊಕದ್ದಮೆಯಲ್ಲಿ ಆಯೋಗದ ನೇಮಕಗಳಿಗೆ ಶೇ. 12.2ರ ಮಿತಿ ಹೇಳಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರದ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವೇ ಇಲ್ಲ.

ಹಂಗಾರ ಸಂದರ್ಶನ ಎಲ್ಲಿ ಉಳಿದೈತಿ? ಯು.ಪಿ.ಎಸ್.ಸಿ.ಯ ದೊಡ್ಡ ಹುದ್ದೆಗಳಲ್ಲಿ, ಬ್ಯಾಂಕ್ ಅಧಿಕಾರಿಗಳ ನೇಮಕದಲ್ಲಿ, ಕಾಲೇಜು ಅಧ್ಯಾಪಕರ ನೇಮಕದಲ್ಲಿ, ಖಾಸಗಿ ಕಂಪನಿಗಳಲ್ಲಿ. ಅಂದರೆ ಮೇಲಿನ ಮೆಟ್ಟಿಲುಗಳ ಮೇಲೆ.

ಹೆಸರು ನೋಡುವ ಕಣ್ಣು

ಖಾಸಗಿ ಕಂಪನಿಗಳಿಗೆ ಮೀಸಲಾತಿ ಇಲ್ಲ. ಅಲ್ಲಿ ಜಾತಿ ಯಾರು ನೋಡತಾರ ಅಂತ ಕೆಲವರು ಅಂತಾರ. ಸುಖದೇವ ಥೋರಾತ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪತ್ರಿಕೆಯ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿ ನೋಡಿದರು. ಓದು, ಅರ್ಹತೆ ಸರಿಸಮ, ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಮೂರರಲ್ಲಿ ಎರಡು ಪಾಲಿನಷ್ಟೇ. ಮುಸ್ಲಿಂ ಹೆಸರಿಗೆ ಅದಕ್ಕಿಂತ ಕಡಿಮೆ. ಅದೇ ವರ್ಷ ಸುರಿಂದರ್ ಜೋಧಕಾ ಮತ್ತು ಕ್ಯಾಥರೀನ್ ನ್ಯೂಮನ್ ದಿಲ್ಲಿ ಕಡೆಯ ನೇಮಕಾತಿ ಮ್ಯಾನೇಜರುಗಳನ್ನ ಮಾತಾಡಿಸಿದರು. ನಾವು ಯೋಗ್ಯತೆ ಅಷ್ಟೇ ನೋಡತೀವಿ ಅಂದವರೇ, ಕುಟುಂಬದ ಹಿನ್ನೆಲೆ ಬಹಳ ಮುಖ್ಯ ಅಂತಲೂ ಹೇಳಿದರು.

ಇದನ್ನ ಬರೆದದ್ದು ಹೆದರಿಸೋದಕ್ಕಲ್ಲ. ಆಯ್ಕೆ ಆಗದೆ ಮನೆಗೆ ಬಂದ ಹುಡುಗ ಹುಡುಗಿ ನನ್ನೊಳಗೇ ಏನೋ ಕೊರತೆ ಐತಿ ಅಂತ ಒಳಗೊಳಗೇ ಕೊರಗಬಾರದು. ಕೆಲವು ಸಲ ಕೊರತೆ ಮೇಜಿನ ಆ ಕಡೆ ಇರತೈತಿ. ಈ ಕಡೆಯದ್ದನ್ನ ಮಾತ್ರ ನಾವು ಗಟ್ಟಿ ಮಾಡಬಹುದು.

ನಮ್ಮ ಕಡೆಯ ತಯಾರಿ

ಮೊದಲನೇದು, ಅರ್ಜಿ. ನೀವು ತುಂಬಿದ ಪ್ರತಿಯೊಂದು ಸಾಲು ಒಂದು ಪ್ರಶ್ನೆ. ನಿಮ್ಮ ಊರು, ತಾಲೂಕಿನ ಬೆಳೆ, ನೀರು, ಓದಿದ ವಿಷಯ, ಬರೆದ ಹವ್ಯಾಸ ಎಲ್ಲದಕ್ಕೂ ಉತ್ತರ ಇರಬೇಕು. ಕ್ರಿಕೆಟ್ ಅಂತ ಬರೆದಿದ್ದರೆ ಕ್ರಿಕೆಟ್ ಗೊತ್ತಿರಬೇಕು.

ಎರಡನೇದು, ಮನೆಯ ಬಗ್ಗೆ ಕೇಳಿದಾಗ ತಲೆ ತಗ್ಗಿಸಬ್ಯಾಡ್ರಿ. "ನಮ್ಮವ್ವ ಬೀಡಿ ಕಟ್ಟತಾಳ, ಅಪ್ಪ ಕಬ್ಬು ಕಡಿಯಲಿಕ್ಕೆ ಹೋಗತಾರ. ಆ ದುಡಿಮೆಯಿಂದ ಮೂವರು ಮಕ್ಕಳು ಓದಿದೀವಿ. ಮನೆಯ ಲೆಕ್ಕ ಹತ್ತನೇ ಇಯತ್ತೆಯಿಂದ ನಾನೇ ನೋಡತೀನಿ." ಮೂರು ಸಾಲು ಸಾಕು. ಇದರಲ್ಲಿ ಶ್ರಮ ಐತಿ, ಜವಾಬ್ದಾರಿ ಐತಿ, ಸುಳ್ಳಿಲ್ಲ.

ಮೂರನೇದು, ಭಾಷೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಕಂಪನಿಯಲ್ಲಿ ಇಂಗ್ಲಿಷ್. ಇದನ್ನ ಹೊರೆ ಅಂತ ತಿಳಕೋಬ್ಯಾಡ್ರಿ, ಮೂರು ಭಾಷೆ ಬಲ್ಲೆ ಅಂತ ಧೈರ್ಯದಿಂದ ಹೇಳ್ರಿ. ಯು.ಪಿ.ಎಸ್.ಸಿ. ಮುಖ್ಯ ಪರೀಕ್ಷೆಯನ್ನ ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು. ಇಂಗ್ಲಿಷ್ ಬೇಕಾದಲ್ಲಿ ಸಣ್ಣ ಸಣ್ಣ ವಾಕ್ಯ ಸಾಕು. ದಿನಾ ಅರ್ಧ ತಾಸು ಪೇಪರ್ ಗಟ್ಟಿಯಾಗಿ ಓದ್ರಿ.

ನಾಲ್ಕನೇದು, ಮೀಸಲಾತಿ ಬಗ್ಗೆ ಕೇಳೇ ಕೇಳತಾರ. ಸಿಟ್ಟಾಗಬ್ಯಾಡ್ರಿ, ಕ್ಷಮೆ ಕೇಳೋ ಹಂಗೂ ಮಾತಾಡಬ್ಯಾಡ್ರಿ. 1902, 1943, 16(4)ನೇ ವಿಧಿ, ಇಷ್ಟನ್ನ ಕ್ರಮವಾಗಿ ಹೇಳಿದರೆ ಓದಿಕೊಂಡು ಬಂದಾರ ಅಂತ ಕೇಳಿದವರಿಗೆ ಗೊತ್ತಾಗತೈತಿ. ಗೊತ್ತಿಲ್ಲದ ಪ್ರಶ್ನೆಗೆ "ಗೊತ್ತಿಲ್ಲ ಸರ್, ತಿಳಕೋತೀನಿ" ಅಂದುಬಿಡ್ರಿ.

ಐದನೇದು, ಕಾಗದಪತ್ರ. ಜಾತಿ ಪ್ರಮಾಣಪತ್ರ, ಜಾತಿ ವೈಧತಾ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ ಈ ಮೂರರಲ್ಲೂ ಹೆಸರು, ಜಾತಿ ಒಂದೇ ರೀತಿ ಬರೆದಾರೇನು ನೋಡಿಕೊಳ್ಳಿ. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯವರಿಗೆ 1950ರ ಆಗಸ್ಟ್ 10ಕ್ಕಿಂತ ಹಿಂದಿನ ಪುರಾವೆ ಕೇಳತಾರ. ಅಜ್ಜನ ಶಾಲೆಯ ದಾಖಲೆ, ಹಳೇ ಜಮೀನಿನ ಕಾಗದ ಈಗಲೇ ಹುಡುಕಿಡ್ರಿ, ಕರೆ ಬಂದ ಮೇಲೆ ಓಡಾಡಬ್ಯಾಡ್ರಿ. ಕೇಂದ್ರ ಸರ್ಕಾರದ ಸಂದರ್ಶನಕ್ಕೆ ಹೋಗೋ ನಮ್ಮ ಅಭ್ಯರ್ಥಿಗಳಿಗೆ ರೈಲು ಖರ್ಚು ಕೊಡೋ ಸೌಲಭ್ಯ ಐತಿ, ಕರೆಪತ್ರ ಪೂರ್ತಿ ಓದ್ರಿ.

ಕಡೆಯದಾಗಿ ಸಂಘಕ್ಕೊಂದು ವಿನಂತಿ. ನಮ್ಮ ಸಮಾಜ ಮಂದಿರದಾಗ ತಿಂಗಳಿಗೊಂದು ರವಿವಾರ ಒಂದು ಮೇಜು, ಮೂರು ಕುರ್ಚಿ ಹಾಕೋಣ. ನೌಕರಿಯಲ್ಲಿರೋ ಅಣ್ಣ ಅಕ್ಕಂದಿರು, ನಿವೃತ್ತ ಮಾಸ್ತರರು ಆ ಕಡೆ ಕೂಡಲಿ, ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಈ ಕಡೆ ಬರಲಿ. ಮೊಬೈಲಿನಾಗ ರೆಕಾರ್ಡ್ ಮಾಡಿ ಅವರಿಗೇ ತೋರಿಸೋಣ. ಹುಡುಗಿಯರನ್ನ ಅಡಿಗೆ ಕೆಲಸದ ನೆವದಿಂದ ಹಿಂದೆ ಉಳಿಸಬ್ಯಾಡ್ರಿ. ಮೊದಲ ಸಲ ನಡುಗಿದವರು ಐದನೇ ಸಲಕ್ಕೆ ನಡುಗೋದಿಲ್ಲ.

1910ರಲ್ಲಿ ನಮ್ಮ ಹಿರಿಯರು ಪರೀಕ್ಷಿಸಿ ನೋಡಿ ಅಂತ ಅರ್ಜಿ ಬರೆದರು. ಇವತ್ತು ಕರೆಪತ್ರ ನಮ್ಮ ಮನೆಯ ವಿಳಾಸಕ್ಕೇ ಬರತೈತಿ. ಬಂದ ಕರೆಗೆ ತಯಾರಾಗಿ ಹೋಗೋಣ.

ಜೈ ಭೀಮ್.