ರೇಡಿಯೊದ ಬೆನ್ನಲ್ಲಿರುವ ವೈರು

ಪುಟ್ಟ ವಿಮಾನದ ಕಿಟ್ ತರಿಸಿ ಸ್ವತಃ ಜೋಡಿಸುವವರು ಮೊದಲು ಕೇಳುವುದು ಯಾವ ರೇಡಿಯೊ ಹಾಕಲಿ ಎಂದು. ಯಾವ ಕನೆಕ್ಟರ್ ಹಾಕಲಿ ಎಂದು ಕೇಳುವವರು ಕಡಿಮೆ. ಆಕಾಶದಲ್ಲಿ ಒಮ್ಮೆ ರೇಡಿಯೊ ಮೂಕವಾಗಿ, ಹೇಗೋ ಇಳಿದು ಬಂದ ಮೇಲೆ ಕೈ ಪ್ಯಾನೆಲ್ಲಿನ ಹಿಂದಕ್ಕೆ ಹೋಗುತ್ತದೆ: ಪಿನ್ನು ಸಡಿಲವಾಯಿತೇ, ಜ್ಯಾಕಿನ ಬುಡದಲ್ಲಿ ವೈರು ತುಂಡಾಯಿತೇ, ಆಂಟೆನಾ ಕೇಬಲ್ಲಿನ ತುದಿ ಕಳಚಿತೇ? ರೇಡಿಯೊ ಬೆಳೆದ ಕಥೆಯ ಜೊತೆಗೆ ಅದರ ಬೆನ್ನಿಗೆ ಸಿಕ್ಕಿಸುವ ವೈರು ಬೆಳೆದ ಕಥೆಯನ್ನೂ ಓದಬೇಕು ಎನ್ನುವುದು ಇದಕ್ಕೇ.

1938ರಿಂದ 1947ರವರೆಗೆ ಸಾವಿರಗಟ್ಟಲೆ ತಯಾರಾದ ಪೈಪರ್ ಜೆ-3 ಕಬ್‌ನಲ್ಲಿ ಬ್ಯಾಟರಿ ಇರಲಿಲ್ಲ, ಜನರೇಟರೂ ಇರಲಿಲ್ಲ, ರೇಡಿಯೊಗೆ ಕರೆಂಟ್ ಕೊಡಲು ಏನೂ ಇರಲಿಲ್ಲ. ಪ್ರೊಪೆಲರನ್ನು ಕೈಯಿಂದ ತಿರುಗಿಸಿಯೇ ಎಂಜಿನ್ ಚಾಲೂ ಮಾಡಬೇಕಿತ್ತು. ವಿಮಾನದ ರೇಡಿಯೊದ ಚಿತ್ರ ಬದಲಾದದ್ದು ಎರಡನೆಯ ಮಹಾಯುದ್ಧದಲ್ಲಿ. ಬ್ರಿಟಿಷರ ಸೆಟ್ಟನ್ನು ಆಧರಿಸಿ ಅಮೆರಿಕ ತಯಾರಿಸಿದ ಎಸ್‌ಸಿಆರ್-522 ಎಂಬ ರೇಡಿಯೊದಲ್ಲಿ 100ರಿಂದ 156 ಮೆಗಾಹರ್ಟ್ಸ್ ನಡುವೆ ನಾಲ್ಕು ಚಾನೆಲ್ಲುಗಳು, ಒಂದೊಂದಕ್ಕೂ ಅದರದೇ ಕ್ರಿಸ್ಟಲ್. 1947ರಲ್ಲಿ ನಾಗರಿಕ ವಿಮಾನಗಳಿಗೆಂದು 118 ಮೆಗಾಹರ್ಟ್ಸ್‌ನಿಂದ ಮೇಲಿನ ಪಟ್ಟಿ ಮೀಸಲಾದಾಗ ಚಾನೆಲ್ಲುಗಳ ನಡುವೆ 200 ಕಿಲೋಹರ್ಟ್ಸ್ ಅಂತರವಿತ್ತು, ಒಟ್ಟು 70 ಚಾನೆಲ್. ವಿಮಾನ ಹೆಚ್ಚಿದಂತೆ ಅಂತರ ಕಿರಿದಾಯಿತು. 1964ರಲ್ಲಿ 50 ಕಿಲೋಹರ್ಟ್ಸ್, 1972ರಲ್ಲಿ 25. ಹಳೆಯ ರೇಡಿಯೊಗಳ ಮೇಲೆ ಕಾಣುವ 360, 720, 760 ಎಂಬ ಚಾನೆಲ್ ಸಂಖ್ಯೆಗಳು ಈ ಬೆಳವಣಿಗೆಯ ಗುರುತು. ಯುರೋಪಿನಲ್ಲಿ ಅದೂ ಸಾಲದೆ 25ನ್ನು ಮೂರು ಪಾಲು ಮಾಡಿ 8.33 ತಂದರು, ಕೆಲವು ವಿನಾಯಿತಿ ಬಿಟ್ಟರೆ 2018ರ ಆರಂಭದಿಂದ ಪುಟ್ಟ ವಿಮಾನಗಳಿಗೂ ಅದೇ ಕಡ್ಡಾಯ. ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ ಎಷ್ಟೋ ಸೆಟ್ಟುಗಳು ಹಾಗೆ ಮೂಲೆಗೆ ಸೇರಿದವು.

ಇಷ್ಟೆಲ್ಲ ಆದರೂ ವಿಮಾನದ ಮಾತು ಇಂದಿಗೂ ಎಎಂ ವಿಧಾನದಲ್ಲೇ ಹೋಗುತ್ತದೆ. ಸ್ವರ ಎಫ್‌ಎಂನಷ್ಟು ಸ್ವಚ್ಛವಲ್ಲ, ನಿಜ. ಆದರೆ ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದದ್ದು ಇನ್ನೊಂದನ್ನು ನುಂಗಿಬಿಡುತ್ತದೆ; ಎಎಂನಲ್ಲಿ ಕಿವಿಗೆ ಕರ್ಕಶವಾದ ಸೀಟಿ ಕೇಳುತ್ತದೆ. ಇನ್ನೊಬ್ಬ ಯಾರೋ ಕರೆಯುತ್ತಿದ್ದಾನೆ ಎಂದು ಆ ಸೀಟಿಯಿಂದಲೇ ಗೊತ್ತಾಗುತ್ತದೆ. ಆ ಇನ್ನೊಬ್ಬ ಅಪಾಯದಲ್ಲಿ ಸಿಕ್ಕವನಿರಬಹುದು.

ಈಗ ರೇಡಿಯೊ ಆರಿಸುವುದು ಕಷ್ಟವಲ್ಲ. 57 ಮಿಲಿಮೀಟರ್ ದುಂಡು ತೂತಿಗೆ ಕೂರುವ, 6 ವ್ಯಾಟ್ ಹೊರಸೂಸುವ ಸೆಟ್ಟುಗಳು ಬೇಕಾದಷ್ಟಿವೆ. ವ್ಯಾಟ್ ಜಾಸ್ತಿ ಇದ್ದರೆ ದೂರ ಕೇಳುತ್ತದೆಂದು ಹಣ ಸುರಿಯಬೇಕಾಗಿಲ್ಲ. ಈ ತರಂಗ ಹೆಚ್ಚುಕಡಿಮೆ ನೇರ ಹೋಗುವಂಥದು. 3,000 ಅಡಿ ಎತ್ತರದಿಂದ ಸುಮಾರು 120 ಕಿಲೋಮೀಟರ್ ಮುಟ್ಟುತ್ತದೆ, ಅದರಾಚೆ ಭೂಮಿಯ ಉಬ್ಬೇ ಅಡ್ಡ.

ಕನೆಕ್ಟರಿನ ವಿಷಯ ಹಾಗಲ್ಲ. ಅದಕ್ಕೆ ವೈರು ಸೇರಿಸಲು ಬಹುಕಾಲ ಬೆಸುಗೆಯೇ ಭದ್ರ ಎಂಬ ನಂಬಿಕೆಯಿತ್ತು. ಸರಿಯಾಗಿ ಆಧಾರ ಕೊಟ್ಟ ಬೆಸುಗೆ ಬಾಳುತ್ತದೆ, ಇಲ್ಲವೆನ್ನಲಾಗದು. ಆದರೆ ಕಾದ ಸೀಸ-ತವರ ದೀಪದ ಬತ್ತಿಗೆ ಎಣ್ಣೆ ಏರಿದಂತೆ ತಾಮ್ರದ ಎಳೆಗಳ ನಡುವೆ ಮೇಲಕ್ಕೆ ಏರುತ್ತದೆ. ಏರಿದಷ್ಟು ದೂರ ವೈರು ಕಡ್ಡಿಯಾಗುತ್ತದೆ, ಅದರಾಚೆ ಮೆದುವಾಗಿಯೇ ಉಳಿಯುತ್ತದೆ. ಎಂಜಿನ್ನಿನ ನಡುಕಕ್ಕೆ ವೈರು ಬಾಗುವುದೆಲ್ಲ ಆ ಗಡಿಯಲ್ಲೇ. ಒಂದೊಂದೇ ಎಳೆ ಕಡಿಯುತ್ತದೆ. ಮೇಲಿನ ಹೊದಿಕೆ ಗಟ್ಟಿಯಾಗಿರುವುದರಿಂದ ಹೊರಗೆ ಏನೂ ಕಾಣುವುದಿಲ್ಲ.

1941ರಲ್ಲಿ ಅಮೆರಿಕದಲ್ಲಿ ಶುರುವಾದ ಎಎಂಪಿ ಕಂಪನಿ ಬೆಸುಗೆಯಿಲ್ಲದ, ಒತ್ತಿ ಹಿಡಿಸುವ ಟರ್ಮಿನಲ್ಲುಗಳನ್ನು ವಿಮಾನ, ಹಡಗುಗಳಿಗೆ ಒದಗಿಸಿತು. 1952ರಲ್ಲಿ ಕ್ಯಾನನ್ ಕಂಪನಿ ಡಿ ಆಕಾರದ ಪುಟ್ಟ ಕನೆಕ್ಟರ್ ತಂದಿತು. ಹಳೆಯ ಕಂಪ್ಯೂಟರಿನ ಹಿಂಬದಿಯಲ್ಲಿ ಎಲ್ಲರೂ ಕಂಡ ಆ ಡಿ-ಸಬ್ಬೇ ಇಂದಿಗೂ ಹಗುರ ವಿಮಾನಗಳ ರೇಡಿಯೊಗಳ ಬೆನ್ನಲ್ಲಿದೆ. ಅಗ್ಗದ್ದು, ಎಲ್ಲೆಡೆ ಸಿಗುವಂಥದು, ಸ್ಕ್ರೂ ಹಾಕಿ ಬಿಗಿಯುವಂಥದು. ನನ್ನ ಮತವೂ ಇದಕ್ಕೇ, ಆದರೆ ತಗಡು ಮಡಿಸಿ ಮಾಡಿದ ಪಿನ್ನಲ್ಲ, ಕಡೆದು ಮಾಡಿದ ಪಿನ್ನು ಬೇಕು.

ಆ ಪಿನ್ನು ಅಕ್ಕಿಕಾಳಿಗಿಂತ ಉದ್ದ. 22 ಗೇಜ್ ವೈರಿನ ತುದಿ ನಾಲ್ಕು ಮಿಲಿಮೀಟರಿನಷ್ಟು ಸುಲಿದರೆ ತವರ ಲೇಪಿಸಿದ 19 ಎಳೆಗಳು ಕಾಣುತ್ತವೆ, ಒಂದೂ ಕಡಿದಿರಬಾರದು. ಪಿನ್ನಿನ ಬುಡದೊಳಗೆ ತೂರಿಸಿದರೆ ಪಕ್ಕದ ಸಣ್ಣ ತೂತಿನಲ್ಲಿ ಎಳೆಗಳು ಮಿನುಗಬೇಕು. ಪಿನ್ನನ್ನು ಒತ್ತಿ ಹಿಡಿಸುವ ಇಕ್ಕಳ ಪೂರ್ತಿ ಒತ್ತುವ ತನಕ ಬಾಯಿ ಬಿಡುವುದೇ ಇಲ್ಲ. ನಾಲ್ಕೂ ಕಡೆಯಿಂದ ಅದುಮಿ ತಾಮ್ರವನ್ನೂ ಪಿನ್ನನ್ನೂ ಗಾಳಿಯಾಡದಂತೆ ಒಂದುಮಾಡುತ್ತದೆ. ಗಾಳಿಯಿಲ್ಲದೆಡೆ ಕಿಲುಬಿಲ್ಲ. ಆಮೇಲೆ ಕನೆಕ್ಟರಿನೊಳಗೆ ತಳ್ಳಿದರೆ ಟಿಕ್ ಎನ್ನುತ್ತದೆ. ತಪ್ಪು ತೂತಿಗೆ ಹೋದರೆ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ ಮತ್ತೆ ಹಾಕಬಹುದು.

ವೈರಿನ ಹೊದಿಕೆಯ ಪಾಠ ದುಬಾರಿಯದು. ಮೊದಲಿದ್ದ ಪಿವಿಸಿ ಸುಟ್ಟರೆ ವಿಷದ ಹೊಗೆ. ಅದರ ಬದಲಿಗೆ ಬಂದ, ತೆಳುವೂ ಹಗುರವೂ ಆದ ಕ್ಯಾಪ್ಟಾನ್ (Kapton) ಎಂಬ ಹೊದಿಕೆ ಬಿರುಕು ಬಿಟ್ಟರೆ ಕಿಡಿ ವೈರಿನುದ್ದಕ್ಕೂ ಹರಿಯುತ್ತಿತ್ತು. 1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ 111 ಕೆನಡಾದ ಕಡಲಿಗೆ ಬಿದ್ದು 229 ಜನ ಸತ್ತರು; ವೈರಿನ ಕಿಡಿ ವಿಮಾನದ ಒಳಮೈಯ ನಿರೋಧಕ ಹೊದಿಕೆಗೆ ತಾಗಿ ಬೆಂಕಿ ಹತ್ತಿರಬೇಕು ಎಂಬುದು ತನಿಖೆಯ ತೀರ್ಮಾನ. ಹಗುರ ವಿಮಾನ ಕಟ್ಟುವವರು ಈಗ ಸಾಮಾನ್ಯವಾಗಿ ಬಳಸುವುದು 150 ಡಿಗ್ರಿ ಸೆಲ್ಸಿಯಸ್ ತಡೆಯುವ ಟೆಫ್‌ಜೆಲ್ ಹೊದಿಕೆಯ ವೈರು.

ಆಂಟೆನಾದ ವಿಷಯಕ್ಕೆ ಬೆಂಗಳೂರಿನ ನಂಟೂ ಇದೆ. ಲೋಹದ ಮೈಯ ವಿಮಾನದಲ್ಲಿ ಮೈಯೇ ಆಂಟೆನಾಕ್ಕೆ ಬೇಕಾದ ನೆಲ (ಗ್ರೌಂಡ್ ಪ್ಲೇನ್). ಇಲ್ಲಿನ ರಾಜ್ ಹಂಸ ಸಂಸ್ಥೆ ತಯಾರಿಸಿದ ಎಕ್ಸ್-ಏರ್ ಅಲ್ಯೂಮಿನಿಯಂ ಕೊಳವೆಗೆ ಬಟ್ಟೆ ಹೊದಿಸಿದ್ದು. ಇಲ್ಲಿನದೇ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್‌ನ ಹಂಸ ಗಾಜುನಾರಿನ ಕಾಂಪೋಸಿಟ್ ಮೈಯದು. ಬಟ್ಟೆಗೂ ಗಾಜುನಾರಿಗೂ ಆ ಗುಣವಿಲ್ಲ. ಅಂಥ ಮೈಯಲ್ಲಿ ಆಂಟೆನಾದ ಬುಡದಿಂದ ಸುತ್ತಲೂ ಅರವತ್ತು ಸೆಂಟಿಮೀಟರಿನಷ್ಟು ಉದ್ದದ ಲೋಹದ ಪಟ್ಟಿಗಳನ್ನು ಹರಡಿ ನೆಲ ಕಟ್ಟಿಕೊಡಬೇಕಾಗುತ್ತದೆ. ಅದನ್ನು ಮರೆತು ಎಷ್ಟು ಬೆಲೆಯ ರೇಡಿಯೊ ಹಾಕಿದರೂ ದನಿ ಗೊಗ್ಗರು.

ಹೆಡ್‌ಸೆಟ್ಟಿನ ಎರಡು ಜ್ಯಾಕುಗಳು ಮಾತ್ರ ಯುದ್ಧಕಾಲದಿಂದ ಹಾಗೇ ಉಳಿದಿವೆ, ಕಿವಿಗೆ ದಪ್ಪದ್ದು, ಬಾಯಿಗೆ ಸಣ್ಣದು. ಅಂದಿನ ಕಾರ್ಬನ್ ಮೈಕಿಗೆ ರೇಡಿಯೊವೇ ಕರೆಂಟ್ ಕೊಡಬೇಕಿತ್ತು. ಇಂದಿನ ಮೈಕೂ ಅದೇ ವೈರಿನಲ್ಲಿ ಅದೇ ಕರೆಂಟಿಗೆ ಕಾಯುತ್ತದೆ. ಈ ಜ್ಯಾಕುಗಳನ್ನು ಪ್ಯಾನೆಲ್ಲಿಗೆ ಬಿಗಿಯುವಾಗ ಫೈಬರ್ ವಾಷರ್ ಹಾಕಿ ಲೋಹಕ್ಕೆ ತಾಗದಂತೆ ಇಟ್ಟು, ಅವುಗಳ ಭೂಸಂಪರ್ಕವನ್ನು ರೇಡಿಯೊದ ಕನೆಕ್ಟರಿಗೇ ಒಯ್ಯಬೇಕು. ಇಲ್ಲದಿದ್ದರೆ ಎಂಜಿನ್ ವೇಗ ಏರಿದಂತೆಲ್ಲ ಜನರೇಟರಿನ ಗುಂಯ್‌ಗುಟ್ಟುವಿಕೆ ಕಿವಿಯಲ್ಲಿ ಏರುತ್ತದೆ.