ಕ್ಯಾಂಟನ್ ನುಡಿಯೂ ಪಥ್ಯಶಾಸ್ತ್ರವೂ

ಚೀನ ದೇಶಕ್ಕೆಲ್ಲ ಲಿಪಿಯೊಂದೇ ಆದರೂ ನುಡಿಗಳು ಹಲವು. ದಕ್ಷಿಣದ ಕ್ಯಾಂಟನ್ ಪಟ್ಟಣದವನ ಮಾತು ಉತ್ತರದವನಿಗೆ ತಿಳಿಯದು. ಆದುದರಿಂದ ಕ್ಯಾಂಟನಿನ ಮನೆಮಾತನ್ನು ಸರ್ವಸಾಮಾನ್ಯವಾದ ಚೀನೀ ಬರಹಕ್ಕೆ ತರುವುದೂ ಭಾಷಾಂತರವೇ ಸರಿ. ವಿಷಯವು ಆಹಾರ ಪಥ್ಯಗಳದ್ದಾದರೆ ಎರಡು ನುಡಿಗಳೊಡನೆ ಶಾಸ್ತ್ರವನ್ನೂ ಬಲ್ಲವನು ಬೇಕು. ಅಂಥವನು ದೊರೆಯುವುದು ಪೂರ್ವದಿಂದಲೂ ದುರ್ಲಭ.

ಆಂಗ್ಲ ವೈದ್ಯನಾದ ಬೆಂಜಮಿನ್ ಹಾಬ್ಸನ್ ಇದನ್ನು ಚೆನ್ನಾಗಿ ಅರಿತಿದ್ದನು. ಕ್ಯಾಂಟನಿನಲ್ಲಿ ಆಸ್ಪತ್ರೆಯನ್ನು ನಡೆಸಿದ ಈತನು 1850ರಲ್ಲಿ ಆ ಊರಿನ ಆಡುನುಡಿಯ ಸಂಭಾಷಣೆಗಳನ್ನು ಅಚ್ಚು ಹಾಕಿಸಿದನು. ಆದರೆ ಮರುವರ್ಷವೇ ಶರೀರಶಾಸ್ತ್ರದ ಗ್ರಂಥವನ್ನು ಹೊರತಂದಾಗ ನಾನ್‌ಹಾಯ್ ಪ್ರಾಂತದ ಚೆನ್ ಶಿಯುಟಾಂಗ್ ಎಂಬ ಪಂಡಿತನನ್ನು ಜೊತೆಗೂಡಿಸಿಕೊಂಡನು. ಒಬ್ಬನಲ್ಲಿ ಶಾಸ್ತ್ರ, ಇನ್ನೊಬ್ಬನಲ್ಲಿ ಗ್ರಾಂಥಿಕ ಶೈಲಿ. ಶಾಂಘಾಯಿಗೆ ಹೋದ ಮೇಲೆ ಗುವಾನ್ ಮಾವೋಸಾಯ್ ಎಂಬವನು ಆ ಸ್ಥಾನಕ್ಕೆ ಬಂದನು. 1858ರಲ್ಲಿ ಹಾಬ್ಸನನು ಇಂಗ್ಲಿಷ್-ಚೀನೀ ವೈದ್ಯ ಶಬ್ದಕೋಶವನ್ನೂ ಪ್ರಕಟಿಸಿದನು. ಒಬ್ಬನಲ್ಲಿ ದೊರೆಯದ ಯೋಗ್ಯತೆಯನ್ನು ಇಬ್ಬರು ಸೇರಿ ತುಂಬಿದರು.

ಕೋಶವಿದ್ದರೆ ಸಾಲದೆ? ಸಾಲದು. ಯಕೃತ್ತಿಗೆ ಚೀನೀಯಲ್ಲಿರುವ ಶಬ್ದವು ಕ್ಯಾಂಟನಿನ ಉಚ್ಚಾರಣೆಯಲ್ಲಿ 'ಗೋನ್' ಎಂದಾಗುತ್ತದೆ. 'ಒಣಗಿದ್ದು' ಎಂಬುದಕ್ಕೂ ಅದೇ ಧ್ವನಿ. ಅಲ್ಲಿ ನೀರೆಂದರೆ ಹಣ, ಒಣಗುವುದೆಂದರೆ ದಾರಿದ್ರ್ಯ. ಆದುದರಿಂದ ತಿನ್ನುವ ಯಕೃತ್ತನ್ನು 'ತೇವ' ಎಂಬರ್ಥದ 'ಯೊನ್' ಎಂದು ಕರೆದು, ಅದಕ್ಕೆ ಬೇರೆಯೇ ಅಕ್ಷರವನ್ನು ಕಲ್ಪಿಸಿಕೊಂಡರು. ದೀಪವನ್ನು ಆರಿಸೆನ್ನದೆ ದೊಡ್ಡದು ಮಾಡೆನ್ನುವ ಕನ್ನಡ ಗೃಹಿಣಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಉತ್ತರದ ಓದುಗನಿಗೆ ಆ ಅಕ್ಷರವು ಅಪರಿಚಿತ.

ಇದು ಕೇವಲ ಶಬ್ದವಿನೋದವಲ್ಲ. ಯಕೃತ್ತಿನಲ್ಲಿ ಕಬ್ಬಿಣದ ಅಂಶವು ಹೇರಳ. ರಕ್ತಹೀನರಿಗೆ ಅದು ಪಥ್ಯ. 'ಎ' ಜೀವಸತ್ವವೂ ಅತ್ಯಧಿಕವಾದ ಕಾರಣ ಗರ್ಭಿಣಿಯರು ಅದನ್ನು ವರ್ಜಿಸುವುದು ಲೇಸೆಂದು ಇಂದಿನ ವೈದ್ಯರ ಮತ. ಆ ಒಂದು ಅಕ್ಷರವು ತಪ್ಪಿದರೆ ಒಬ್ಬಳಿಗೆ ಔಷಧವು ತಪ್ಪೀತು, ಇನ್ನೊಬ್ಬಳಿಗೆ ಅಪಥ್ಯವು ಬಡಿಸೀತು. ಹಾಗೆಯೇ ಕರಿದ ತಿಂಡಿಗಳಿಂದ 'ಯೀತ್ ಹೇ' ಆಗುವುದೆಂದು ಕ್ಯಾಂಟನಿನವರು ಹೇಳುವರು. ಹಲಸಿನ ಹಣ್ಣು ಉಷ್ಣವೆಂದು ನಮ್ಮ ಹಿರಿಯರು ಹೇಳುವಂತಹ ಮಾತದು. ಅದನ್ನು ಅಳೆಯತಕ್ಕ ಕ್ಯಾಲೊರಿಯೆಂದು ಬರೆದವನು ಎರಡು ಶಾಸ್ತ್ರಗಳನ್ನೂ ಕೆಡಿಸಿದಂತೆ.

ಪಥ್ಯದ ಮಾತನ್ನು ಅನುವಾದಿಸುವವನಿಗೆ ಪಾಠಶಾಲೆ ಎಷ್ಟು ಅವಶ್ಯವೋ ಅಡಿಗೆಮನೆಯೂ ಅಷ್ಟೇ ಅವಶ್ಯ. ಎರಡೂ ಒಬ್ಬನಲ್ಲಿ ಕೂಡಿರದಿದ್ದರೆ, ಹಾಬ್ಸನನಂತೆ ಮತ್ತೊಬ್ಬನ ಕೈಹಿಡಿಯುವುದೇ ವಿವೇಕ.